ಹೊಳೆಗೆ ಬಿಟ್ಟ ಗರಿ

ನಮ್ಮ ಅತ್ತೆ ನನಗೆ ಬೈಯುತ್ತಿರಲಿಲ್ಲ. ಇದನ್ನು ಕೇಳಿದವರೆಲ್ಲ ‘ಎಂಥಾ ಪುಣ್ಯ ಮಾಡಿದ್ದೀಯೇ ತಾಯಿ’ ಅಂತಾರೆ. ಪುಣ್ಯವಂತೆ ಪುಣ್ಯ! ಮದುವೆಯಾಗಿ ಹೊನ್ನಾಳಿಗೆ ಬಂದ ಮೊದಲ ಹತ್ತು ತಿಂಗಳು ನಾನು ಒಳಗೊಳಗೇ ಬೆಂದದ್ದು ಅದೇ ಕಾರಣಕ್ಕೆ.

ನಾನು ಜಗಳೂರು ತಾಲೂಕು ಬಿಳಿಚೋಡಿನವಳು. ಹಣೆಗೆ ಮೂರು ಬೆರಳು ವಿಭೂತಿ ಬೀಳದೆ ಯಾರೂ ಬಾಯಿಗೆ ನೀರು ಬಿಡದ ಮನೆ ನಮ್ಮದು. ಮನೆ ತುಂಬ ಜನ, ಜನದ ಬಾಯಿ ತುಂಬ ಮಾತು. ಅಜ್ಜಿ ಬೆಳಿಗ್ಗೆ ಎದ್ದಾಗಿನಿಂದ ನನಗೆ ಬೈಯುತ್ತಿದ್ದಳು, ನಾನು ಒಂದಕ್ಕೆ ಎರಡು ತಿರುಗಿಸಿ ಕೊಡುತ್ತಿದ್ದೆ, ಮಧ್ಯಾಹ್ನ ಇಬ್ಬರೂ ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿದು ತಿನ್ನುತ್ತಿದ್ದೆವು. ಬೈಸಿಕೊಳ್ಳದ ದಿನ ನನಗೆ ಜ್ವರ ಬಂದಿದೆ ಅಂತಲೇ ಲೆಕ್ಕ. ಅಂಥ ಮನೆಯಿಂದ ಬಂದವಳಿಗೆ ‘ಇರ್ಲಿ ಬಿಡಮ್ಮ, ನಿನಗ್ಯಾಕೆ ತೊಂದ್ರೆ’ ಅನ್ನೋ ಅತ್ತೆ ಸಿಕ್ಕರೆ ಹೆಂಗಾಗಬೇಡ ಹೇಳಿ.

ಗಂಡ ನೀರಾವರಿ ಇಲಾಖೆಯ ನೌಕರ. ಕೆರೆ ಸರ್ವೆ ಮಾಡಾಕೆ ಅಂತ ನಮ್ಮೂರಿಗೆ ಬಂದು, ನಮ್ಮ ಎದುರು ಮನೆಯಲ್ಲಿ ಬಾಡಿಗೆಗೆ ಇದ್ದು, ಕೆರೆಗಿಂತ ಜಾಸ್ತಿ ನಮ್ಮ ಮನೆಯ ಕಡೆಗೇ ನೋಡಿದ. ಕ್ರೈಸ್ತರ ಹುಡುಗ. ಅಪ್ಪ ಎರಡು ತಿಂಗಳು ಊಟಕ್ಕೆ ಬಿಟ್ಟರೆ ಬಾಯಿ ತೆಗೆಯಲಿಲ್ಲ. ಆಮೇಲೆ ಒಂದು ದಿನ ‘ಹುಡುಗ ಒಳ್ಳೇನೇ ಅದಾನೆ, ಆಗ್ಲಿ’ ಅಂದುಬಿಟ್ಟ. ನಾನೂ ಯಾರ ಬಲವಂತವೂ ಇಲ್ಲದೆ, ಮನಸ್ಸಿಟ್ಟು, ಸಿಸ್ಟರ್ ಒಬ್ಬರ ಹತ್ತಿರ ಆರು ತಿಂಗಳು ಪಾಠ ಹೇಳಿಸಿಕೊಂಡೆ. ದೇವರ ಹತ್ತು ಕಟ್ಟಳೆ, ಏಳು ಸಂಸ್ಕಾರ, ಜಪಸರ ಎಣಿಸುವ ಕ್ರಮ, ಎಲ್ಲ ಬಾಯಿಪಾಠ. ಈಸ್ಟರ್ ಹಬ್ಬದ ರಾತ್ರಿ ಶಿವಮೊಗ್ಗದಲ್ಲಿ ದೀಕ್ಷಾಸ್ನಾನ, ಅದಾಗಿ ಹದಿನೈದು ದಿನಕ್ಕೆ ಮದುವೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ ಅದು.

ಹೊನ್ನಾಳಿಯಲ್ಲಿ ನಮ್ಮವರದು ಆರೇ ಮನೆ. ನಮ್ಮ ಮಾವನಂತೆ ನಾಲೆ ಕೆಲಸಕ್ಕೆ ಅಂತ ಬಂದು ಉಳಿದ ಗಾರೆ ಕೆಲಸದವರು, ಆಸ್ಪತ್ರೆಯ ನರ್ಸು ಒಬ್ಬರು, ಮೇಷ್ಟ್ರು ಒಬ್ಬರು. ನ್ಯಾಮತಿಯಿಂದ ಒಂದು ಸಂಸಾರ, ಸವಳಂಗದಿಂದ ಒಂದು ಸಂಸಾರ ಬಸ್ಸಿಗೆ ಬರುತ್ತಿದ್ದರು. ಎಲ್ಲ ಸೇರಿದರೆ ನಲವತ್ತು ತಲೆ. ಹೆಂಚಿನ ಒಂದು ಉದ್ದನೆ ಕೋಣೆಯೇ ಚರ್ಚು. ಶಿವಮೊಗ್ಗದಿಂದ ಸ್ವಾಮಿಗಳು, ಅಂದರೆ ನಮ್ಮ ಪಾದ್ರಿಗಳು, ಹದಿನೈದು ದಿನಕ್ಕೊಮ್ಮೆ ಬಂದು ಪೂಜೆ ಅರ್ಪಿಸುತ್ತಿದ್ದರು. ಮಾವ ತೀರಿಹೋಗಿ ಬಹಳ ವರ್ಷ ಆಗಿತ್ತು, ಆ ಕೋಣೆಯ ಬೀಗದ ಕೈ ಅತ್ತೆಯ ಸೊಂಟದಲ್ಲಿತ್ತು.

ಬೀಗದ ಕೈ ಅಂದರೆ ಬರೀ ಬೀಗದ ಕೈ ಅಲ್ಲ. ಪೀಠದ ಬಟ್ಟೆ ಒಗೆಯುವುದು, ಇಸ್ತ್ರಿ ಮಾಡುವುದು, ಮೇಣದಬತ್ತಿ ಹಚ್ಚುವುದು, ಸಂತ ಅಂತೋಣಿಯವರ ಪ್ರತಿಮೆ ಒರೆಸುವುದು, ಎಲ್ಲ ಅವರದೇ. ನಾನು ಕೈ ಚಾಚಿದರೆ ಸಾಕು, ‘ಇರ್ಲಿ ಬಿಡಮ್ಮ’. ಒಂದು ಸಲ ಹೂಜಿಗೆ ನೀರು ತುಂಬಿಸಲು ಹೋದೆ, ‘ಇರ್ಲಿ ಬಿಡಮ್ಮ’. ಬಂದ ಬೀಗರನ್ನು ಮಾತಾಡಿಸುವ ಧಾಟಿ ಅದು. ಚನ್ನಗಿರಿಗೆ ಕೊಟ್ಟ ಅವರ ಮಗಳು, ನನ್ನ ನಾದಿನಿ, ಊರಿಗೆ ಬಂದಳೆಂದರೆ ಮಾತ್ರ ಮನೆಗೆ ಜೀವ ಬರುತ್ತಿತ್ತು. ‘ಏ ಕತ್ತೆ, ಪೀಠದ ಬಟ್ಟೆ ಹಿಂಗಾ ಮಡಚೋದು?’ ಅಂತ ತಾಯಿ ಕೂಗುವುದು, ‘ನೀನೇ ಮಡಚ್ಕೊ ಹೋಗವ್ವ’ ಅಂತ ಅವಳು ಎಸೆಯುವುದು. ನಾನು ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದೆ. ಹೊಟ್ಟೆಕಿಚ್ಚು ಆಗುತ್ತಿತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ. ನನಗೆ ಬೇರೇನೂ ಬೇಡವಾಗಿತ್ತು, ಆ ‘ಕತ್ತೆ’ ಒಂದು ಬೇಕಾಗಿತ್ತು.

ಮಂಗಳವಾರ ಅಂತೋಣಿಯವರ ದಿನ. ಅವತ್ತು ನಮ್ಮ ಕೋಣೆಗೆ ನಮ್ಮವರಿಗಿಂತ ಬೀದಿಯ ಹೆಂಗಸರೇ ಜಾಸ್ತಿ ಬರುತ್ತಿದ್ದರು. ‘ಅಂತೋಣಪ್ಪ’ ಅನ್ನುವರು, ಮೇಣದಬತ್ತಿ ಹಚ್ಚುವರು, ಮಲ್ಲಿಗೆ ಏರಿಸುವರು, ಕಳೆದುಹೋದ ಮೂಗುತಿಯಿಂದ ಹಿಡಿದು ಮನೆಬಿಟ್ಟು ಹೋದ ಗಂಡನವರೆಗೆ ಎಲ್ಲ ಹುಡುಕಿಕೊಡು ಅಂತ ಬೇಡಿಕೊಳ್ಳುವರು. ಅತ್ತೆ ಯಾರನ್ನೂ ಬರಬೇಡಿ ಅನ್ನಲಿಲ್ಲ. ಬಂದವರಿಗೆ ಏನೋ ಒಂದು ಕೈಗೆ ಕೊಟ್ಟು ಕಳಿಸುತ್ತಿದ್ದರು, ಅದೇನು ಅಂತ ನಾನು ಆಗ ಗಮನಿಸಿರಲಿಲ್ಲ.

ನಾನು ಹೋದ ಮೊದಲ ವರ್ಷ, ಈಸ್ಟರಿಗೆ ಮುಂಚಿನ ಉಪವಾಸದ ಕಾಲ ಶುರುವಾಗುವ ಬೂದಿ ಬುಧವಾರಕ್ಕೆ ಇನ್ನೂ ಒಂದು ವಾರ ಇತ್ತು. ನಾದಿನಿಗೆ ಹೆರಿಗೆಯಾಯಿತು ಅಂತ ಚನ್ನಗಿರಿಯಿಂದ ಸುದ್ದಿ ಬಂತು. ಅತ್ತೆ ಬ್ಯಾಗು ತುಂಬಿಕೊಂಡು ಬಸ್ಸು ಹತ್ತುವಾಗ ‘ಎಲ್ಲರ ಮನೆಯಿಂದ ಹಳೇ ಗರಿ ತಂದುಕೊಡ್ತಾರೆ, ಇಸ್ಕೊಂಡು ಪುಟ್ಟಿಯಲ್ಲಿ ಹಾಕಿರು’ ಅಂದರು. ಅಷ್ಟೇ. ಯಾಕೆ ಏನು ಅಂತ ಹೇಳಲಿಲ್ಲ, ನನ್ನ ಸೊಕ್ಕಿಗೆ ನಾನೂ ಕೇಳಲಿಲ್ಲ. ಅವರು ಮೊದಲ ಸಲ ನನಗೊಂದು ಕೆಲಸ ಹೇಳಿದ್ದರು. ಅದೇ ಖುಷಿಯಲ್ಲಿ ಕುಣಿದಾಡುತ್ತಿದ್ದೆ.

ಗರಿ ಅಂದರೆ ತೆಂಗಿನ ಸುಳಿಯ ಎಳೆ ಗರಿ. ಈಸ್ಟರಿಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರ ಸ್ವಾಮಿಗಳು ಅದನ್ನು ಮಂತ್ರಿಸಿ ಕೊಡುತ್ತಾರೆ. ಮನೆಗೆ ತಂದು ಸಣ್ಣ ಶಿಲುಬೆ ಹೆಣೆದು ದೇವರ ಪಟದ ಹಿಂದೆ ಸಿಕ್ಕಿಸುತ್ತಾರೆ, ವರ್ಷವಿಡೀ ಅಲ್ಲಿರುತ್ತದೆ. ಕಳೆದ ವರ್ಷದ ಗರಿಗಳ ಭಾನುವಾರ ನಾನು ಇನ್ನೂ ಬಿಳಿಚೋಡಿನಲ್ಲಿದ್ದೆ, ಇದ್ಯಾವುದನ್ನೂ ಕಣ್ಣಾರೆ ಕಂಡವಳಲ್ಲ. ಆರು ಮನೆಯವರು ತಂದುಕೊಟ್ಟರು, ನ್ಯಾಮತಿ ಸವಳಂಗದವರು ಬಸ್ಸಿನಲ್ಲಿ ಕಳಿಸಿಕೊಟ್ಟರು. ಪುಟ್ಟಿ ತುಂಬಿತು. ನಮ್ಮ ಮನೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟದ ಹಿಂದೆ ಇದ್ದದ್ದನ್ನೂ ತೆಗೆದೆ. ಜೇಡರ ಬಲೆ, ಧೂಳು, ಮುಟ್ಟಿದರೆ ಪುಡಿ.

ನಮ್ಮ ತವರಲ್ಲಿ ದೇವರಿಗೆ ಏರಿಸಿದ್ದು ಒಣಗಿದ ಮೇಲೆ ಮನೆಯಲ್ಲಿ ಇಡುವಂತಿಲ್ಲ. ತಿಪ್ಪೆಗೆ ಹಾಕುವಂತಿಲ್ಲ, ಕಾಲಿಗೆ ಸಿಗುವಂತಿಲ್ಲ, ಒಲೆಗಂತೂ ಇಡಲೇಬಾರದು. ಹೂವಿರಲಿ ಬಿಲ್ವಪತ್ರೆ ಇರಲಿ, ಹರಿಯುವ ನೀರಿಗೆ ಬಿಡಬೇಕು. ಬಿಳಿಚೋಡಿನಲ್ಲಿ ಹರಿಯುವ ನೀರು ಎಲ್ಲಿಂದ ತರೋಣ? ಅಜ್ಜಿ ಕೂಡಿಸಿ ಕೂಡಿಸಿ ಇಟ್ಟು, ಯಾರಾದರೂ ಹರಿಹರದ ಕಡೆ ಹೊರಟರೆ ಗಂಟು ಕಟ್ಟಿ ಕಳಿಸುತ್ತಿದ್ದಳು. ಇಲ್ಲಿ ನೋಡಿದರೆ ಮನೆಯಿಂದ ಹತ್ತು ನಿಮಿಷಕ್ಕೆ ತುಂಗಭದ್ರೆ! ಅತ್ತೆ ಗರಿ ಕೂಡಿಸಲು ಹೇಳಿದ್ದು ಇದಕ್ಕೇ ಅಂತ ನನ್ನ ಬುದ್ಧಿಗೆ ಹೊಳೆಯಿತು. ಅವರು ಬರುವಷ್ಟರಲ್ಲಿ ನಾನೇ ಮುಗಿಸಿಬಿಟ್ಟರೆ ಎಷ್ಟು ಮೆಚ್ಚಿಕೊಳ್ಳಬಹುದು!

ಶನಿವಾರ ತಲೆಗೆ ನೀರು ಹಾಕಿಕೊಂಡು, ಮಡಿ ಸೀರೆ ಉಟ್ಟು, ಪುಟ್ಟಿ ಹೊತ್ತು ಹೊಳೆಗೆ ಹೋದೆ. ಬೇಸಿಗೆ ಹತ್ತಿರ ಬಂದಿತ್ತು, ನೀರು ನಡುವಿಗೆ ಸರಿದಿತ್ತು. ಮರಳು ದಾಟಿ ಬಂಡೆ ಹತ್ತಿ, ಮೊಣಕಾಲವರೆಗೆ ನೀರಿಗಿಳಿದು, ‘ನಮೋ ಮರಿಯ’ ಹೇಳುತ್ತಾ ಒಂದೊಂದೇ ಶಿಲುಬೆ ಬಿಟ್ಟೆ. ಎಲ್ಲ ತೇಲುತ್ತಾ ಸಾಲಾಗಿ ಹೋದವು. ಕೈ ಮುಗಿದೆ. ಕಣ್ಣಲ್ಲಿ ನೀರು ಬಂತು ನೋಡಿ, ಅಷ್ಟು ಭಕ್ತಿ!

ಅತ್ತೆ ಸೋಮವಾರ ಮಧ್ಯಾಹ್ನ ಬಂದರು. ಮೊಮ್ಮಗನ ಮೂಗು ಯಾರ ಥರ ಅಂತ ಹೇಳುತ್ತಾ ಕಾಲು ತೊಳೆದುಕೊಂಡರು, ಕಾಫಿ ಕುಡಿದರು. ಆಮೇಲೆ ಹಿತ್ತಲಲ್ಲಿ ಕಬ್ಬಿಣದ ಬಾಣಲಿ ತೊಳೆದು ಬಿಸಿಲಿಗೆ ಇಟ್ಟು, ‘ಪುಟ್ಟಿ ತಗೊಂಡು ಬಾರಮ್ಮ’ ಅಂದರು.

‘ಗರಿನಾ ಅತ್ತೆ? ಹೊಳೆಗೆ ಬಿಟ್ಟು ಬಂದೆ’ ಅಂದೆ, ಬಹುಮಾನಕ್ಕೆ ಕಾಯುವವಳ ಹಾಗೆ.

ಅವರು ಬಾಣಲಿಯ ಪಕ್ಕದಲ್ಲೇ ಕೂತುಬಿಟ್ಟರು. ‘ದೇವಾ ತಂದೆ... ಬೂದಿ ಎಲ್ಲಿಂದ ತರ್ಲಿ?’ ಅಂದರು. ಬೂದಿ ಬುಧವಾರದ ಬೂದಿ ಬರುವುದು ಆ ಗರಿಯಿಂದ ಅಂತ ನನಗೆ ಆಗ ತಿಳಿಯಿತು. ಕಳೆದ ವರ್ಷ ಮಂತ್ರಿಸಿದ ಗರಿಯನ್ನೇ ಸುಟ್ಟು ಈ ವರ್ಷ ಹಣೆಗೆ ಹಚ್ಚಬೇಕು. ಇಪ್ಪತ್ತೈದು ವರ್ಷದಿಂದ ಆ ಬೂದಿ ಅತ್ತೆಯ ಕೈಯಿಂದಲೇ ಆಗಿ ಬಂದಿತ್ತು. ಸಿಸ್ಟರ್ ಪಾಠದಲ್ಲಿ ಏಳು ಸಂಸ್ಕಾರ ಇತ್ತು, ಇದೊಂದು ಇರಲಿಲ್ಲ. ಅಯ್ಯೋ ಶಿವನೇ ಅಂತ ಬಾಯಿಂದ ಬಂತು. ಅದು ಬೇರೆ ಆ ಹೊತ್ತಿನಲ್ಲಿ ಬರಬೇಕಾ!

ಈಗ ಬೈತಾರೆ ಅಂತ ತಲೆ ತಗ್ಗಿಸಿ ನಿಂತೆ. ನಿಜ ಹೇಳಬೇಕೆಂದರೆ ಬೈಯಲಿ ಅಂತ ಕಾದೆ. ಅವರು ನನ್ನ ಮುಖ ನೋಡಿ ತಣ್ಣಗೆ, ‘ಇರ್ಲಿ ಬಿಡಮ್ಮ. ನಿನಗೆ ಹೆಂಗೆ ಗೊತ್ತಾಗ್ಬೇಕು? ನನ್ನ ಮಗಳಾಗಿದ್ರೆ ಎರಡು ಬಾರಿಸ್ತಿದ್ದೆ. ನಿನಗೇನು ಅನ್ಲಿ’ ಅಂದು ಒಳಗೆ ಹೋದರು.

ಎರಡು ಬಾರಿಸಿದ್ದರೇ ಚೆನ್ನಾಗಿರುತ್ತಿತ್ತು. ಆ ಮಾತು ಎದೆಗೆ ನಾಟಿತು. ಪಾತ್ರೆಗಳನ್ನೆಲ್ಲ ದಡಬಡ ಕುಕ್ಕಿದೆ. ಸಂಜೆ ಗಂಡ ಬಂದು ವಿಷಯ ಕೇಳಿ, ‘ಬೂದಿ ತಾನೇ, ಒಲೆ ತುಂಬ ಐತಲ್ಲ’ ಅಂದ. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ತಿರುಗಿ ಅವನನ್ನು ನೋಡಿದ ನೋಟಕ್ಕೆ ಅವನು ಮತ್ತೆ ಚಪ್ಪಲಿ ಹಾಕಿಕೊಂಡು ಹೊರಗೆ ಹೋದ. ಮರಳಿ ಬಂದು, ಶಿವಮೊಗ್ಗಕ್ಕೆ ಟ್ರಂಕ್ ಕಾಲ್ ಮಾಡೋಣ, ಸ್ವಾಮಿಗಳು ಅಲ್ಲಿಂದಲೇ ಬೂದಿ ತರಲಿ ಅಂದ. ಅತ್ತೆ ಅದಕ್ಕೂ ಒಪ್ಪಲಿಲ್ಲ. ‘ನಾನು ಬದುಕಿರೋವಾಗ ಈ ಊರಿನೋರ ಹಣೆಗೆ ಬೇರೆ ಊರಿನ ಬೂದಿನಾ?’ ಅಂದರು. ಆ ಸ್ವಾಮಿಗಳು ಹೊಸಬರು, ಚಿಕ್ಕ ವಯಸ್ಸು, ಪ್ಯಾಂಟು ಹಾಕಿಕೊಂಡು ಮೋಟರ್ ಸೈಕಲ್ಲಿನಲ್ಲಿ ಬರುವರು. ಪೂಜೆಯೆಲ್ಲ ಕನ್ನಡದಲ್ಲಿ, ಜನರ ಕಡೆಗೆ ಮುಖ ಮಾಡಿ. ಅತ್ತೆ ಮಾತ್ರ ಇನ್ನೂ ಮುಂಚೆ ಪೂಜೆ ನಡೆಯುತ್ತಿದ್ದ ಹಳೇ ಲ್ಯಾಟಿನ್ನಿನಲ್ಲೇ ಮೆಲ್ಲಗೆ ಉತ್ತರ ಕೊಡುತ್ತಿದ್ದರು. ಅಂಥ ಸ್ವಾಮಿಗಳ ಮುಂದೆ ಬೂದಿ ಇಲ್ಲ ಅನ್ನುವುದು ಅವರಿಂದ ಆಗದ ಮಾತು.

ಮಂಗಳವಾರ ಬೆಳಿಗ್ಗೆ ಪಕ್ಕದ ಮನೆಯ ಅಡಿಕೆ ವ್ಯಾಪಾರಸ್ಥರ ಹೆಂಡತಿ ಗೋಡೆಯ ಆಚೆಯಿಂದ ಕತ್ತು ಹಾಕಿದರು. ನಮ್ಮ ಗಲಾಟೆ ಎಲ್ಲ ಅವರಿಗೆ ಕೇಳಿತ್ತು. ‘ಬೂದಿ ಬೇಕಾಗಿತ್ತಂತಲ್ರಿ ಅಮ್ಮಾರೆ, ನಮ್ಮನೇಲಿ ಮಠದಿಂದ ತಂದ ವಿಭೂತಿ ಗಟ್ಟಿ ಐತೆ, ಕೊಡ್ಲೇನ್ರಿ?’ ಅಂದರು. ಪಾಪ, ಎಷ್ಟು ಪ್ರೀತಿಯಿಂದ ಕೇಳಿದರು. ಅತ್ತೆ, ‘ಅದಲ್ಲ ತಾಯಿ, ಮಂತ್ರಿಸಿದ ಗರಿದೇ ಆಗ್ಬೇಕು’ ಅಂದರು.

‘ಗರಿನಾ? ನೀವು ಕೊಟ್ಟ ಗರಿ ನಮ್ಮ ಕೊಟ್ಟಿಗೆ ಬಾಗ್ಲಿಗೇ ಐತಲ್ರಿ. ಅದು ಕಟ್ಟಿದ ಮೇಲೆನೇ ನಮ್ಮ ಎಮ್ಮೆ ಕರು ಉಳಿದಿದ್ದು’ ಅಂದರು.

ನನಗೆ ಆಗ ಹೊಳೆಯಿತು, ಮಂಗಳವಾರ ಅತ್ತೆ ಬಂದವರ ಕೈಗೆ ಕೊಟ್ಟು ಕಳಿಸುತ್ತಿದ್ದದ್ದು ಏನು ಅಂತ. ‘ಇನ್ನೂ ಯಾರ್‍ಯಾರಿಗೆ ಕೊಟ್ಟೀರಿ ಅತ್ತೆ?’ ಅಂದೆ. ಅವರು ಬೆರಳು ಮಡಚಲು ಶುರುಮಾಡಿದರು. ಮುಗಿಸುವಷ್ಟರಲ್ಲಿ ನಾನು ಪುಟ್ಟಿ ಹಿಡಿದು ಬಾಗಿಲು ದಾಟಿದ್ದೆ. ‘ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನಮ್ಮ?’ ಅಂತ ಹಿಂದಿನಿಂದ ಕೂಗಿದರು. ಕಿವಿಗೆ ಹಾಕಿಕೊಳ್ಳಲಿಲ್ಲ.

ಕೇಳುವುದೇನು ಸುಲಭ ಇತ್ತಾ! ಟೈಲರನ ಹೆಂಡತಿ ಹೊಲಿಗೆ ಮಿಷನ್ನಿನ ಡ್ರಾದಲ್ಲಿ ಇಟ್ಟಿದ್ದಳು, ಕೊಟ್ಟರೆ ಸೂಜಿ ಮುರಿಯುತ್ತೆ ಅಂತ ಹೆದರಿದಳು. ಹೂವಿನಾಕೆ ಜೋಳದ ಗುಡಾಣದಲ್ಲಿ ಹುಗಿದಿದ್ದಳು, ಅರ್ಧ ಗುಡಾಣ ಖಾಲಿ ಮಾಡಿ ಇಬ್ಬರೂ ಹುಡುಕಿದೆವು. ಬಳೆಗಾರ ಸಾಬರ ಮನೆಯಲ್ಲಿ ತೊಟ್ಟಿಲಿಗೆ ಕಟ್ಟಿತ್ತು, ಆ ತಾಯಿ ಮಗು ನಿದ್ದೆಯಲ್ಲಿದೆ ಅಂತ ಪಿಸುಗುಟ್ಟುತ್ತಾ ತಾನೇ ಬಿಚ್ಚಿಕೊಟ್ಟಳು. ನಾನು ಎಲ್ಲ ಕಡೆ ನನ್ನ ತಪ್ಪನ್ನು ನಾನೇ ಹೇಳಿಕೊಂಡೆ. ‘ನಿರ್ಮಾಲ್ಯ ಅಂದ್ಕೊಂಡು ಹೊಳೆಗೆ ಬಿಟ್ಟುಬಿಟ್ಟೆ ಕಣ್ರೀ’ ಅಂದರೆ, ಬೀದಿಯ ಹೆಂಗಸರಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ‘ಸರಿಯಾಗೇ ಮಾಡಿದೀರಲ್ರಿ, ಮತ್ತೇನು ಒಲೆಗೆ ಇಡ್ತಾರಾ?’ ಅಂದರು. ಒಲೆಗೇ ಇಡಬೇಕಂತೆ ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ. ಗರಿಗಳ ಭಾನುವಾರ ಹೊಸದು ತಂದುಕೊಡುತ್ತೇನೆ ಅಂತ ಆಣೆ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಏಳು ಶಿಲುಬೆ ಸಿಕ್ಕವು.

ಅತ್ತೆ ಪುಟ್ಟಿಯೊಳಗೆ ನೋಡಿ, ‘ಇಷ್ಟರಲ್ಲಿ ಎರಡು ಚಮಚ ಬೂದಿ ಆಗಲ್ಲ. ನಲವತ್ತು ಹಣೆಗೆ ಎಲ್ಲಿ ಸಾಲ್ತದೆ?’ ಅಂದರು. ಪ್ರತಿ ವರ್ಷ ಪುಟ್ಟಿ ತುಂಬ ಗರಿ ಬೇಕಾಗುತ್ತಿತ್ತಂತೆ.

‘ನೀವು ಹೆಂಗೆ ಸುಡ್ತೀರಿ?’ ಅಂದೆ.

‘ಬಾಣಲೀಲಿ ಹಾಕಿ ಬೆಂಕಿ ಇಡ್ತೀನಿ. ಮತ್ತೆ ಹೆಂಗೆ ಸುಡ್ತಾರೆ?’

ನಮ್ಮಜ್ಜಿ ವಿಭೂತಿ ಮಾಡುತ್ತಿದ್ದವಳು. ಸಗಣಿ ಉಂಡೆ ಸುಡುವುದು, ಕುಟ್ಟುವುದು, ಬಟ್ಟೆಯಲ್ಲಿ ಸೋಸುವುದು, ಗಟ್ಟಿ ಕಟ್ಟುವುದು, ಎಲ್ಲ ಅವಳ ಪಕ್ಕದಲ್ಲಿ ಕೂತು ಬೈಸಿಕೊಂಡು ಬೈಸಿಕೊಂಡು ಕಲಿತಿದ್ದೆ. ಬೂದಿಯ ವಿಷಯ ನನಗೆ ಹೇಳಿಕೊಡಬೇಕಾ? ತೆರೆದ ಬೆಂಕಿಯಲ್ಲಿ ಸುಟ್ಟರೆ ಅರ್ಧ ಗಾಳಿಗೆ ಹೋಗುತ್ತದೆ, ಉಳಿದದ್ದು ತರಿತರಿ. ಗರಿಗೆ ಬೆಂಕಿ ಹಿಡಿದು ಕಪ್ಪಾದ ಕೂಡಲೇ ಬಾಣಲಿಗೆ ತಟ್ಟೆ ಮುಚ್ಚಿ ಉಸಿರು ಕಟ್ಟಿಸಬೇಕು. ಬೆಳ್ಳಗಾಗಲು ಬಿಡಬಾರದು. ಹಾಗೆ ಮಾಡಿದೆ. ತಣ್ಣಗಾದ ಮೇಲೆ ಸಣ್ಣ ಒರಳಿನಲ್ಲಿ ನುಣ್ಣಗೆ ಅರೆದೆ. ಸೋಸಲು ತೆಳ್ಳನೆ ಬಟ್ಟೆ ಬೇಕಾಗಿತ್ತು. ಟ್ರಂಕಿಗೆ ಕೈ ಹಾಕಿ ಮೊದಲು ಸಿಕ್ಕ ಮಲ್ ಪಂಚೆಯನ್ನು ಎಳೆದು, ಪಾತ್ರೆಯ ಬಾಯಿಗೆ ಬಿಗಿದು ಕಟ್ಟಿ, ಮೂರು ಸಲ ಸೋಸಿದೆ. ಕಾಡಿಗೆಯಷ್ಟು ಸಣ್ಣಗೆ ಬಂತು. ಒಂದು ಚಿಟಿಕೆ ಹತ್ತು ಹಣೆಗೆ ಆಗುವಂತಿತ್ತು. ಅತ್ತೆ ಬೆರಳ ತುದಿಯಲ್ಲಿ ಮುಟ್ಟಿ ನೋಡಿದರು. ಹಿತ್ತಾಳೆಯ ಭರಣಿ ತಂದು ಮುಂದಿಟ್ಟರು.

ಬುಧವಾರ ಬೆಳಿಗ್ಗೆ ಸ್ವಾಮಿಗಳು ಬಂದರು. ಕೋಣೆ ತುಂಬಿತು. ಒಬ್ಬೊಬ್ಬರೇ ಹೋಗಿ ಹಣೆ ಕೊಟ್ಟರು. ಮಣ್ಣಿಂದ ಬಂದವರು ಮಣ್ಣಿಗೇ ಹೋಗುವುದು ಅಂತ ಸ್ವಾಮಿಗಳು ಎಲ್ಲರಿಗೂ ನೆನಪು ಮಾಡಿಕೊಟ್ಟರು. ನಾನು ಹಿಂದೆ ಗೋಡೆಗೆ ಒರಗಿ ನಿಂತು, ಸಾಲುತ್ತೋ ಇಲ್ಲವೋ ಅಂತ ಸ್ವಾಮಿಗಳ ಕೈಯಲ್ಲಿದ್ದ ಬೂದಿ ತಟ್ಟೆಯನ್ನೇ ನೋಡುತ್ತಿದ್ದೆ. ಎಲ್ಲರದೂ ಆಗಲಿ, ಆಮೇಲೆ ನನ್ನದು ಅಂದುಕೊಂಡೆ. ಸಾಲಿತು. ಇನ್ನೂ ಸ್ವಲ್ಪ ಮಿಕ್ಕಿತ್ತು ಕೂಡ.

ಹೆಜ್ಜೆ ಎತ್ತಿಡುವಷ್ಟರಲ್ಲಿ ಬಾಗಿಲಲ್ಲಿ ಗಲಗಲ. ಅಡಿಕೆ ವ್ಯಾಪಾರಸ್ಥರ ಹೆಂಡತಿ, ಹೂವಿನಾಕೆ, ಟೈಲರನ ಹೆಂಡತಿ, ಹಿಂದೆ ಇನ್ನೂ ನಾಲ್ಕೈದು ಜನ. ‘ನಮ್ಮ ಗರಿದಲ್ವೇನ್ರಿ, ನಮಗೂ ಒಂಚೂರು ಹಚ್ರಿ ಸ್ವಾಮೇರೆ’ ಅಂದರು. ಸ್ವಾಮಿಗಳು ತಬ್ಬಿಬ್ಬಾಗಿ ಅತ್ತೆಯ ಕಡೆ ನೋಡಿದರು. ಅತ್ತೆ ‘ಅವರ ಗರಿನೇ ಸ್ವಾಮಿ’ ಅಂದರು. ಸ್ವಾಮಿಗಳು ನಕ್ಕು ಹಚ್ಚಿದರು. ಅಡಿಕೆಯವರ ಹೆಂಡತಿಯ ಹಣೆಯಲ್ಲಿ ಮೂರು ಬಿಳಿ ಗೆರೆಯ ಕೆಳಗೆ ಒಂದು ಕಪ್ಪು ಶಿಲುಬೆ, ಆಕೆ ಅದನ್ನು ಹೊತ್ತುಕೊಂಡು ಇಡೀ ಬೀದಿ ಓಡಾಡಿದರು.

ನಾನು ಮುಂದೆ ಹೋದಾಗ ತಟ್ಟೆ ಖಾಲಿ. ಸ್ವಾಮಿಗಳು ಹೆಬ್ಬೆರಳಿನಿಂದ ಸುತ್ತ ಒರೆಸಿ ನೋಡಿದರು, ಏನೂ ಹತ್ತಲಿಲ್ಲ. ‘ಪರವಾಗಿಲ್ಲಮ್ಮ, ಬೂದಿಗಿಂತ ಮನಸ್ಸು ದೊಡ್ಡದು’ ಅಂದರು. ಓದಿದವರು, ಒಳ್ಳೆಯವರು, ಸರಿಯಾದ ಮಾತೇ ಆಡಿದರು. ನಾನು ಸರಿ ಅಂತ ತಲೆಯಾಡಿಸಿದೆ. ಮಾಡಿದವಳು ನಾನು, ನನ್ನ ಹಣೆಯೊಂದೇ ಬರಿದು.

ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆ ಎದ್ದು ಬಂದರು. ‘ಮನಸ್ಸು ಇರ್ಲಿ ಸ್ವಾಮಿ, ಬೂದಿನೂ ಬೇಕು’ ಅಂದರು. ಹೆಬ್ಬೆರಳನ್ನು ತಮ್ಮ ಹಣೆಯ ಮೇಲೆ ಒತ್ತಿ ಎಳೆದು, ಅಲ್ಲಿದ್ದ ಬೂದಿಯನ್ನು ತೆಗೆದು ನನ್ನ ಹಣೆಗೆ ಶಿಲುಬೆ ಬರೆದರು. ಬರೆಯುವಾಗ ತಮ್ಮ ಹಳೇ ಲ್ಯಾಟಿನ್ನಿನಲ್ಲಿ ಏನೋ ಅಂದರು. ಅರ್ಥ ನನಗೂ ಗೊತ್ತಾಗಲಿಲ್ಲ, ಅವರಿಗೂ ಗೊತ್ತಿತ್ತೋ ಇಲ್ಲವೋ. ನಾನು ಎಲ್ಲರ ಮುಂದೆ ಅತ್ತುಬಿಟ್ಟೆ, ನಾಚಿಕೆ ಬಿಟ್ಟು.

ಮನೆಗೆ ಬಂದೆವು. ಅವರು ಸೀದಾ ಹಿತ್ತಲಿಗೆ ಹೋದರು. ಆಮೇಲೆ ಬೀದಿಗೆ ಕೇಳುವಂತೆ ಒಂದು ಕೂಗು.

‘ಏ ಕತ್ತೆ! ಬಾ ಇಲ್ಲಿ! ಇದು ಯಾವ ಪಂಚೆ ಅಂತ ಗೊತ್ತೈತೇನೇ ನಿನಗೆ? ನನ್ನ ಮಗನ ಮದುವೆ ಪಂಚೆ! ಕಣ್ಣು ಎಲ್ಲಿಟ್ಟಿದ್ದೆ? ಇದರಲ್ಲಿ ಬೂದಿ ಸೋಸ್ತಾರೇನೇ?’

ನಾನು ಬಾಗಿಲಲ್ಲಿ ನಿಂತು ಎರಡು ಸಲ ಉಸಿರು ಎಳೆದುಕೊಂಡೆ. ‘ಇನ್ನೊಂದು ಮದುವೆ ಮಾಡ್ಕೊಳ್ಳೋ ವಿಚಾರ ಏನೂ ಇಲ್ವಲ್ಲ ನಿಮ್ಮ ಮಗನಿಗೆ, ಬಿಡ್ರಿ’ ಅಂದೆ.

‘ಬಾಯಿ ನೋಡು ಬಾಯಿ!’ ಅಂದರು. ಪಂಚೆಯನ್ನು ನನ್ನ ಮುಖಕ್ಕೆ ಎಸೆದು, ಹಣೆಗೆ ತಾಗಿಸಿಕೊಂಡು ಇನ್ನೂ ಕೊಳೆ ಮಾಡಬೇಡ ಅಂತ ಅದಕ್ಕೂ ಬೈದು, ಒಗೆಯುವ ಕಲ್ಲು ತೋರಿಸಿದರು. ಅವತ್ತು ಉಪವಾಸ, ಮಧ್ಯಾಹ್ನದವರೆಗೆ ಯಾರೂ ಏನೂ ತಿನ್ನುವಂತಿರಲಿಲ್ಲ. ನನಗೆ ಮಾತ್ರ ಹೊಟ್ಟೆ ತುಂಬಿತ್ತು.